ಕಂಪ್ಯೂಟರಿನ ವಿಳಾಸಕ್ಕೂ ಗುತ್ತಿಗೆ!

ಮಕ್ಕಳೇ, ಅರಸೀಕೆರೆ ಸುತ್ತಮುತ್ತ ತೆಂಗಿನ ತೋಟವನ್ನು ವರ್ಷಕ್ಕಿಷ್ಟು ಎಂದು ಗುತ್ತಿಗೆಗೆ ಕೊಡುವುದನ್ನು ನೀವು ಕೇಳಿರಬಹುದು. ಗಡುವು ಮುಗಿದರೆ ತೋಟ ಒಡೆಯನಿಗೆ ವಾಪಸ್ಸು. ಬೇಲೂರು, ಹಳೇಬೀಡು ಕಟ್ಟಿಸಿದ ಹೊಯ್ಸಳರ ಕಾಲದ ದಾನಶಾಸನಗಳ ರೀತಿ ಬೇರೆ. ಸೂರ್ಯಚಂದ್ರರು ಇರುವವರೆಗೂ ದಾನ ನಡೆಯಲಿ ಎನ್ನುತ್ತವೆ! ಕಂಪ್ಯೂಟರಿಗೆ ಸಿಗುವ ಐಪಿ ವಿಳಾಸ ಮಾತ್ರ ತೆಂಗಿನ ತೋಟದ ಹಾಗೆ.

ಐಪಿ ವಿಳಾಸವೆಂದರೆ ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ. ಉದಾಹರಣೆಗೆ 192.168.1.12. ಒಂದೇ ಸಂಖ್ಯೆ ಇಬ್ಬರಿಗೆ ಹೋದರೆ ಗೊಂದಲ. ಆದ್ದರಿಂದ ರೂಟರ್ ಎಂಬ ಪೆಟ್ಟಿಗೆ ಲೆಕ್ಕವಿಟ್ಟು ಹಂಚುತ್ತದೆ. ಈ ಹಂಚಿಕೆಯ ನಿಯಮಗಳಿಗೆ ಡಿಎಚ್‌ಸಿಪಿ ಎಂದು ಹೆಸರು. ಮೊದಲು ಪ್ರಕಟವಾದದ್ದು 1993ರಲ್ಲಿ. ಗಡುವು ಯಾಕೆ? ಆರಿಸಿಟ್ಟ ಕಂಪ್ಯೂಟರಿನ ಸಂಖ್ಯೆ ಇನ್ನೊಂದಕ್ಕೆ ಸಿಗಬೇಕಲ್ಲ!

ಕೆಲವು ವರ್ಷಗಳ ಹಿಂದೆ ಹಳೇಬೀಡಿನ ಹತ್ತಿರದ ಒಂದು ಶಾಲೆಯಲ್ಲಿ, ಲಿನಕ್ಸ್ ಹಾಕಿದ್ದ ಕಂಪ್ಯೂಟರಿನಲ್ಲಿ, ಈ ಗುತ್ತಿಗೆ ಪತ್ರವನ್ನೇ ಮಕ್ಕಳಿಗೆ ತೆರೆದು ತೋರಿಸಿದೆ. 'ವಾರ್' ಫೋಲ್ಡರಿನೊಳಗೆ 'ಲಿಬ್', ಅದರೊಳಗೆ 'ಡಿಎಚ್‌ಸಿಪಿ', ಅಲ್ಲಿ 'ಡಿಎಚ್‌ಕ್ಲೈಂಟ್ ಲೀಸಸ್' ಎಂಬ ಕಡತ. ಕೊಟ್ಟ ವಿಳಾಸ, ಅವಧಿ, ನವೀಕರಣದ ಸಮಯ, ಮುಕ್ತಾಯದ ಸಮಯ ಎಲ್ಲವೂ ಸಾಲುಸಾಲಾಗಿ ಇದ್ದವು. ಅವಧಿ 7200 ಸೆಕೆಂಡು, ಅಂದರೆ 2 ಗಂಟೆ. ಮುಕ್ತಾಯ 07:00. ಆದರೆ ಗೋಡೆಯ ಗಡಿಯಾರದಲ್ಲಿ 11 ಗಂಟೆ!

"ಸಾರ್, ಗಡುವು ಮುಗಿದು 4 ಗಂಟೆ ಆಯ್ತಲ್ಲ, ಇಂಟರ್‌ನೆಟ್ ಹೇಗೆ ಬರ್ತಿದೆ?" ಎಂದಳು ಏಳನೇ ತರಗತಿಯ ಹುಡುಗಿ. ಕಡತವೇ ತಪ್ಪು ಎಂದು ಅರ್ಧ ತರಗತಿ ತೀರ್ಪು ಕೊಟ್ಟುಬಿಟ್ಟಿತು. ನಾನು ಉತ್ತರ ಹೇಳದೆ ಗ್ಲೋಬ್ ತರಿಸಿದೆ. ಕಡತದಲ್ಲಿರುವುದು ಗ್ರೀನಿಚ್ ರೇಖೆಯ ಲೆಕ್ಕದ ವಿಶ್ವ ಸಮಯ ಎಂದಷ್ಟೇ ಹೇಳಿದೆ. ನಮ್ಮ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. 15 ಡಿಗ್ರಿಗೆ 1 ಗಂಟೆ. ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಐದೂವರೆ ಗಂಟೆ ಕೊನೆಗೂ ಕೆಲಸಕ್ಕೆ ಬಂತು! 07:00ಕ್ಕೆ ಕೂಡಿಸಿದರೆ ಮಧ್ಯಾಹ್ನ 12:30. ಗಡುವು ಇನ್ನೂ ಮುಗಿದೇ ಇರಲಿಲ್ಲ.

ಅರ್ಧ ಅವಧಿ ಕಳೆದಾಗ ಕಂಪ್ಯೂಟರು ತಾನಾಗಿಯೇ ರೂಟರನ್ನು ಮತ್ತೆ ಕೇಳಿಕೊಳ್ಳುತ್ತದೆ. 11:30 ದಾಟಿದ ಮೇಲೆ ಕಡತವನ್ನು ಇನ್ನೊಮ್ಮೆ ತೆರೆದೆವು. ಹಳೆಯ ಬರಹ ಹಾಗೆಯೇ ಇತ್ತು, ಅದರ ಕೆಳಗೆ ಹೊಸದೊಂದು ಸೇರಿತ್ತು: ಮುಕ್ತಾಯ 08:00. ನಾವು ನಂಬಬೇಕಾದದ್ದು ಯಾವಾಗಲೂ ಕೊನೆಯ ಬರಹವನ್ನೇ.

ಡಿಎಚ್‌ಕ್ಲೈಂಟ್ ತಯಾರಕರು 2022ರಲ್ಲಿ ಅದರ ನಿರ್ವಹಣೆ ನಿಲ್ಲಿಸಿದರು. ಈಗ ಅನೇಕ ಲಿನಕ್ಸ್ ಕಂಪ್ಯೂಟರುಗಳಲ್ಲಿ ಈ ಕೆಲಸ 'ನೆಟ್‌ವರ್ಕ್ ಮ್ಯಾನೇಜರ್' ತಂತ್ರಾಂಶದ್ದು. ಅಲ್ಲಿ ಮುಕ್ತಾಯದ ಸಮಯ 10 ಅಂಕಿಯ ಒಂದೇ ಸಂಖ್ಯೆಯಾಗಿ ಕಾಣುತ್ತದೆ. 1970ರ ಜನವರಿ 1 ಆರಂಭವಾದ ಕ್ಷಣದಿಂದ, ಅದೂ ವಿಶ್ವ ಸಮಯದಲ್ಲಿ, ಎಣಿಸಿದ ಸೆಕೆಂಡುಗಳವು.