ಹೆಬ್ಬಲಸಿನ ಬಿತ್ತು

ಮೊನ್ನೆ ಆಚಮನೆ ಅಕ್ಕ ಒಂದು ಹೆಡಗೆ ಹೆಬ್ಬಲಸಿನ ಹಣ್ಣು ಕೊಟ್ಟು ಕಳುಸಿತ್ತಿದ್ದವು. ಮಕ್ಕೊ ಆರೂ ಮನೆಲಿ ಇಲ್ಲೆ, ಎಂಗೊ ಇಬ್ರೇ ಕೂದು ತಿಂದೆಯೊ. ಕೈ ಇಡೀ ಮೇಣ, ಎಣ್ಣೆ ಉದ್ದಿ ತೆಗದಾತು. ಬಿತ್ತು ತೊಳವಗ ಅತ್ತೆಯ ನೆಂಪಾತು.

ಪೇಟೆಲಿ ಬೆಳದ ಮಕ್ಕೊಗೆ ಹೆಬ್ಬಲಸು ಹೇಳಿರೆ ಗೊಂತಿರ್ತಿಲ್ಲೆ. ಹಲಸಿನ ಕುಟುಂಬದ್ದೇ, ನಮ್ಮ ಪಶ್ಚಿಮಘಟ್ಟದ ಕಾಡಿನ ಮರ. ನೂರು ಅಡಿ ಎತ್ತರಕ್ಕೂ ಹೋವುತ್ತು. ಹಣ್ಣು ಮುಷ್ಟಿ ಗಾತ್ರ, ಮೈ ಇಡೀ ಮುಳ್ಳು, ಒಳ ಕೇಸರಿ ಬಣ್ಣದ ಸಣ್ಣ ಸಣ್ಣ ಸೊಳೆ. ಮಲೆಯಾಳಲ್ಲಿ ಆಞ್ಞಿಲಿ ಹೇಳ್ತವು, ಓಣಂ ಸಮಯಲ್ಲಿ ಸ್ಪರ್ಧೆಗೆ ಬಿಡುವ ಉದ್ದದ ದೋಣಿಗಳ ಇದರ ಮರಲ್ಲೇ ಮಾಡುದು.

ಎಂಗಳ ಮನೆ ಹಿಂದೆ ಒಂದು ಇತ್ತು. ಉದ್ದ ಬತ್ತಿಯ ಹಾಂಗೆ ನೇಲುವ ಗಂಡು ಹೂಗು ಉದುರಿದ್ದರ ಅತ್ತೆ ಹೆರ್ಕಿ ಒಣಗುಸಿ, ಹೊತ್ತೊಪ್ಪಗ ಹಟ್ಟಿಲಿ ಹೊತ್ತುಸುಗು, ನುಸಿಗೆ. ಬಿತ್ತಿನ ಉಪ್ಪುನೀರು ತಳುದು ಹೊರುದರೆ ನೆಲಕಡ್ಲೆಯ ಹಾಂಗೇ. ಆದರೆ ಎಂಗೊ ಚೀಪಿ ತುಪ್ಪಿದ ಬಿತ್ತು ಅವಕ್ಕೆ ಆಗ! ಎಂಜಲು ಹೇಳಿ ಬೇರೆಯೇ ಸೊಳೆ ಬಿಡುಸಿ ಬಿತ್ತು ತೆಗಗು. ಎಷ್ಟು ತೊಳದರೂ ಎಂಜಲು ಎಂಜಲೇ ಅಡ.

ಆ ಮರವ ಕಡಿಯೆಕ್ಕು ಹೇಳಿದ್ದು ಆನೇ. ಬಾಗಿಲಿನ ದಾರಂದಕ್ಕೆಲ್ಲ ಒರಳೆ ಹಿಡುದಿತ್ತು. ಹೆಬ್ಬಲಸಿನ ಕೆಚ್ಚಿಂಗೆ ಒರಳೆ ಬತ್ತಿಲ್ಲೆ, ಮನೆಹಿಂದೆಯೇ ಮರ ಇಪ್ಪಗ ಪೈಸೆ ಕೊಟ್ಟು ತಪ್ಪದು ಎಂತಕೆ ಹೇಳಿ ಇವರತ್ರೆ ಎರಡು ವರ್ಷ ಹೇಳಿದೆ. ಅಂಬಗ ಅತ್ತೆ ಹಾಸಿಗೆ ಹಿಡುದಿತ್ತಿದ್ದವು. ಮೆಷಿನಿನ ಶಬ್ದ ಕೇಳಿ, "ಎಂತರ ಅದು?" ಕೇಳಿದವು. "ಆಚ ಗುಡ್ಡೆಲಿ ರಬ್ಬರು ಕಡಿತ್ತವು ಅತ್ತೆ" ಹೇಳಿದೆ. ಅವು ಎಂತದೂ ಹೇಳಿದ್ದವಿಲ್ಲೆ. ಇರುಳು ಗಂಜಿ ಕುಡಿವಗ ಕೇಳಿದವು, "ಬಿತ್ತು ಮಡುಗಿದ್ದೆಯಾ?"

ಎನಗೆ ಗಂಜಿಯ ಸೌಟು ಕೈಂದ ಬೀಳುವಷ್ಟು ಆತು. "ಮಡುಗಿದ್ದೆ ಅತ್ತೆ, ಮಳೆ ಬಪ್ಪಗ ಹಾಕುತ್ತೆ" ಹೇಳಿದೆ. ಲೊಟ್ಟೆ ಅಲ್ಲ ಅದು, ಹೊರಿವಲೆ ಹೇಳಿ ಒಣಗುಸಿದ್ದು ಹಾರ್ಲಿಕ್ಸ್ ಬಾಟ್ಲಿಲಿ ಇತ್ತು.

ಮಳೆ ಬಪ್ಪಲೆ ಅತ್ತೆ ಇತ್ತಿದ್ದವಿಲ್ಲೆ. ಆ ಜೂನಿಲಿ ಬಾಟ್ಲಿಯ ಬಿತ್ತು ಪೂರಾ ತೊಟ್ಟೆಗೊಕ್ಕೆ ಹಾಕಿದೆ. ಒಂದೂ ಹುಟ್ಟಿದ್ದಿಲ್ಲೆ. ಕೆದಕಿ ನೋಡಿರೆ ಒಳ ಕಪ್ಪು ಹೊಡಿ. ಈ ಬಿತ್ತು ಭತ್ತದ ಹಾಂಗೆ ಅಲ್ಲ, ಒಣಗಿರೆ ಜೀವ ಹೋತು, ಹಣ್ಣಿಂದ ತೆಗದ ಕೂಡ್ಲೇ ಮಣ್ಣಿಂಗೆ ಹಾಕೆಕ್ಕು ಹೇಳಿ ಎನಗೆ ಗೊಂತಾದ್ದು ಮತ್ತೆ. ಅತ್ತೆಗೆ ಗೊಂತಿತ್ತೋ ಏನೋ. ಅವಕ್ಕೆ ಬಿತ್ತು ಮಡುಗೆಕ್ಕಾದ ಸಂದರ್ಭ ಬಯಿಂದಿಲ್ಲೆ, ಮರವೇ ಇತ್ತನ್ನೆ.

ಎರಡು ವರ್ಷ ಕಳುದಪ್ಪಗ ಬಚ್ಚಲು ನೀರು ಹೋಪ ಕರೆಲಿ ಒಂದು ಸೆಸಿ ಎದ್ದತ್ತು. ಎಲೆ ಆಳಕ್ಕೆ ಸೀಳಿ ಸೀಳಿ ಇಪ್ಪದು. ಹತ್ತರೆ ಜೀಗುಜ್ಜೆ ಮರ ಇದ್ದು, ಅದರ ಬೇರಿಂದ ಬಂದದು ಹೇಳಿ ಗ್ರೇಶಿದೆ. ತಂಗೆಗೆ ಜೀಗುಜ್ಜೆ ಸೆಸಿ ಬೇಕಿತ್ತು. "ಬಂದಪ್ಪಗ ಕಿತ್ತುಗೊಂಡು ಹೋಗು" ಹೇಳಿದೆ. ಪುಣ್ಯಕ್ಕೆ ಅದಕ್ಕೆ ಬಪ್ಪಲೆ ಪುರುಸೊತ್ತಾಯಿದಿಲ್ಲೆ. ಎನ್ನ ಎತ್ತರಕ್ಕೆ ಬಪ್ಪಗ ಕೊಡಿಯ ಎಲೆಗಳ ಸೀಳು ಕಮ್ಮಿ ಆಗಿ, ಮತ್ತೆ ಬಂದದು ಇಡೀ ಎಲೆ. ಹೆಬ್ಬಲಸು! ಎಳತ್ತರಲ್ಲಿ ಅದರ ಎಲೆ ಹಾಂಗೇ ಇಪ್ಪದಡ. ಮೂವತ್ತು ವರ್ಷ ಆ ಮರದ ಅಡಿಲಿ ಉಡುಗಿದೆ, ಅದರ ಮಕ್ಕಳ ಗುರ್ತ ಎನಗೆ ಇತ್ತಿಲ್ಲೆ. ಬಾವಲಿ ಹಾಕಿದ್ದಾದಿಕ್ಕು.

ಈಗ ಇವರದ್ದು ಒಂದೇ ಜೆಪ, ಗೋಡೆಗೆ ಹತ್ತರೆ ಆತು, ತೆಗೆಯೆಕ್ಕು ಹೇಳಿ. ಅವು ಹೇಳುದರಲ್ಲಿ ತಪ್ಪಿಲ್ಲೆ, ಬೇರು ಪಂಚಾಂಗಕ್ಕೆ ಹೋಕು. ಬಚ್ಚಲನ್ನೇ ಆಚಿಗೆ ಕಟ್ಟುವೊ ಹೇಳಿದ್ದೆ ಆನು. ಮಾತುಕತೆ ಇನ್ನೂ ಮುಗುದ್ದಿಲ್ಲೆ.

ಮೊನ್ನೆಯ ಬಿತ್ತಿಲಿ ಹತ್ತು ತೊಟ್ಟೆಗೆ ಹಾಕಿದ್ದೆ, ಒಳುದ್ದು ಹಸಿ ಹೊಯಿಗೆಲಿ ಇದ್ದು. ಆರಿಂಗಾರು ಬೇಕಾರೆ ಈ ವಾರವೇ ಬನ್ನಿ. ಹೊರಿವಲೆ ಕೊಡ್ತಿಲ್ಲೆ.