ಬೆಳ್ಳಿ ಉಡದಾರ, ತೊಗಲಿನ ಪಟ್ಟಿ

ಕಿಲ್ಟಿಗೆ ಕಿಸೆ ಇಲ್ಲ. ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಆ ಚೌಕಳಿ ಉಡುಪಿಗೆ ಎಂಟು ಗಜದವರೆಗೂ ಉಣ್ಣೆಬಟ್ಟೆ ಹಿಡಿಯುತ್ತದೆ. ಹಿಂದೆ ಒತ್ತೊತ್ತಾಗಿ ನೆರಿಗೆ, ಮುಂದೆ ಸಪಾಟು. ಅಷ್ಟು ಬಟ್ಟೆಯಲ್ಲಿ ಒಂದು ಬೀಗದ ಕೈ ಇಟ್ಟುಕೊಳ್ಳಲು ಜಾಗವಿಲ್ಲ. ಅದಕ್ಕೇ ಮುಂದೊಂದು ಚೀಲ ತೂಗುಹಾಕಿಕೊಳ್ಳುತ್ತಾರೆ. ಹೆಸರು ಸ್ಪೋರನ್. ಗೇಲಿಕ್ ಭಾಷೆಯಲ್ಲಿ ಆ ಮಾತಿಗೆ ಹಣದ ಚೀಲ ಎಂದಷ್ಟೇ ಅರ್ಥ.

ನಮಗೇನೂ ಇದು ಹೊಸದಲ್ಲ. ಧೋತರಕ್ಕೂ ಕಿಸೆ ಇರಲಿಲ್ಲ. ಅಥಣಿ ಕಡೆಯ ನಮ್ಮ ಮುತ್ಯಾ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಚಿಲ್ಲರೆ ಎಲ್ಲವನ್ನೂ ಒಂದು ಚಂಚಿಯಲ್ಲಿ ತುಂಬಿ ಟೊಂಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮನ ಹೆಸರಿನ ಹಿಂದೆ ಇಂದಿಗೂ ಸಂಚಿ ಇದೆ. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವುದು ಅವಳ ಊಳಿಗವಾಗಿತ್ತು. ಪುಣೆಯಿಂದ ಜೇಜುರಿಗೆ ಹೋದರೆ ಭಂಡಾರದ ಚೀಲ ತೂಗುಹಾಕಿಕೊಂಡ ವಾಘ್ಯಾಗಳು ಸಿಗುತ್ತಾರೆ. ಹಿಂದೆ ಆ ಚೀಲ ಹುಲಿದೊಗಲಿನದು. ಹೀಗೆ ಚೀಲ ಎಲ್ಲ ಕಡೆಗೂ ಇದೆ. ಅದನ್ನು ಯಾವುದರಿಂದ ತೂಗುಹಾಕಬೇಕು, ಸರಪಳಿಯಿಂದಲೋ ಪಟ್ಟಿಯಿಂದಲೋ ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಗೆ ಕಳೆದ ವರ್ಷ ಬಂತು.

ತಂದವನು ನನ್ನ ಅಣ್ಣನ ಮಗ. ಗ್ಲಾಸ್ಗೋದಲ್ಲಿದ್ದಾನೆ, ಅಲ್ಲಿಯ ಹುಡುಗಿಯನ್ನೇ ಮದುವೆಯಾಗುವವನಿದ್ದ. ಹುಡುಗಿಯ ಮನೆಯವರು ಮದುವೆಯ ದಿನ ಕಿಲ್ಟ್ ಉಡಲು ಕೇಳಿದ್ದರು. ಅಂಥ ಉಡುಪನ್ನು ಅಲ್ಲಿ ದಿನದ ಬಾಡಿಗೆಗೆ ಕೊಡುತ್ತಾರೆ. ಸ್ಪೋರನ್, ಸರಪಳಿ, ಕಾಲುಚೀಲ ಎಲ್ಲ ಒಟ್ಟಿಗೇ ಬರುತ್ತವೆ. ಇವನಿಗೆ ಸರಪಳಿಯೊಂದು ಮಾತ್ರ ಬಾಡಿಗೆಯದು ಬೇಡವಾಗಿತ್ತು. “ಕಾಕಾ, ಅಪ್ಪಂದು ಉಡದಾರ ಐತಲ್ಲ, ಅದನ್ನ ಸರಪಳಿ ಮಾಡಿಸಿ ಕಳಸ್ತೀ ಏನು?” ಎಂದು ಕೇಳಿದ.

ಅಣ್ಣ ತೀರಿಕೊಂಡದ್ದು 2021ರ ಏಪ್ರಿಲ್ ಕೊನೆಯಲ್ಲಿ, ಕೋವಿಡ್‌ನಿಂದ. ಅದೇ ತಿಂಗಳ 23ರಂದು ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತ್ತು. ಮಗ ಬರಲಿಲ್ಲ, ಬರುವಂತಿರಲಿಲ್ಲ. ಮುಖ ನಾವೂ ಸರಿಯಾಗಿ ನೋಡಲಿಲ್ಲ. ಆಸ್ಪತ್ರೆಯಿಂದ ಒಂದು ಪ್ಲಾಸ್ಟಿಕ್ ಚೀಲ ಬಂತು. ಅದರಲ್ಲಿ ಕನ್ನಡಕ, ಮೊಬೈಲು, ಎರಡು ತುಂಡಾದ ಬೆಳ್ಳಿಯ ಉಡದಾರ. ಅಣ್ಣನಿಗೆ ಖಡಕಿಯ ಫ್ಯಾಕ್ಟರಿಯಲ್ಲಿ ನೌಕರಿ ಸಿಕ್ಕ ವರ್ಷ ಅವ್ವ ಹುಪರಿಯಿಂದ ತರಿಸಿದ್ದು, ಹದಿನೈದು ತೊಲ. ನಮ್ಮ ಕಡೆ ಗಂಡಸಿನ ಮೈಮೇಲಿನ ಉಡದಾರ ತೆಗೆಯುವುದು ಹೆಣದ ಮೇಲಿಂದ ಮಾತ್ರ. ಮನೆಯವರ ಕೈಯಲ್ಲಿ ಆಗಬೇಕಾದ ಆ ಕೆಲಸ, ಕೊಂಡಿ ಬಿಚ್ಚುವ ವ್ಯವಧಾನವೂ ಇಲ್ಲದ ಆ ದಿನಗಳಲ್ಲಿ, ಯಾರದೋ ಕತ್ತರಿಯಿಂದ ಆಗಿಹೋಗಿತ್ತು. ಅವ್ವ ಆ ತುಂಡುಗಳನ್ನು ಅರಿವೆಯಲ್ಲಿ ಗಂಟು ಕಟ್ಟಿ ಟ್ರಂಕಿಗೆ ಹಾಕಿದಳು. ಮೂರು ವರ್ಷ ಯಾರೂ ತೆಗೆದಿರಲಿಲ್ಲ.

ಖಡಕಿಯಲ್ಲಿದ್ದವರಿಗೆ ಸ್ಕಾಟ್ಲೆಂಡಿನ ಪೈಪಿನ ದನಿ ಗುರುತಿಲ್ಲದ್ದಲ್ಲ. ಬಾಂಬೆ ಸ್ಯಾಪರ್ಸ್ ನೆಲೆ ಇರುವ ದಂಡು ಪ್ರದೇಶವಿದು. ಬ್ರಿಟಿಷ್ ಸರ್ಕಾರ 1746ರಲ್ಲಿ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿದಾಗ ಸೈನ್ಯಕ್ಕೆ ಮಾತ್ರ ವಿನಾಯಿತಿ ಕೊಟ್ಟಿತ್ತು. 1782ರಲ್ಲಿ ನಿಷೇಧ ತೆಗೆಯುವವರೆಗೆ ಕಿಲ್ಟ್ ಉಳಿದದ್ದು ಬಹುಮಟ್ಟಿಗೆ ಸಿಪಾಯಿಗಳಿಂದ. ಆ ರೆಜಿಮೆಂಟುಗಳೇ ನಮ್ಮಲ್ಲಿಗೂ ಬಂದವು. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದವರಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟಿನವರಿದ್ದರು. ಅವರು ಹೋದರು, ಪೈಪು ಉಳಿಯಿತು. ಇಂದು ನಮ್ಮ ಸೈನ್ಯದ ಹೆಚ್ಚಿನ ಪೈಪರುಗಳು ಪ್ಯಾಂಟನ್ನೇ ತೊಟ್ಟು ಹೆಗಲ ಮೇಲೆ ಚೌಕಳಿ ಬಟ್ಟೆ ಹೊದೆಯುತ್ತಾರೆ. ಕಿಲ್ಟ್ ನೋಡಬೇಕೆಂದರೆ ಶಾಲೆಗಳ ಬ್ಯಾಂಡು, ಮದುವೆಯ ಬ್ಯಾಂಡು ನೋಡಬೇಕು.

ನಮ್ಮ ಓಣಿಯಲ್ಲೇ ಅಂಥ ಶಾಲೆಯೊಂದರ ಬ್ಯಾಂಡ್ ಕಲಿಸುವ ನಿವೃತ್ತ ಹವಾಲ್ದಾರರಿದ್ದಾರೆ. ಅವರ ಬಳಿ ಹೋದೆ. ಮಾತಿಗಿಂತ ಮೊದಲು ಮೂರು ಹಳೆಯ ಕಿಲ್ಟ್ ತಂದು ಹಾಸಿ, ಸೊಂಟದ ಕೆಳಗಿನ ಭಾಗ ತೋರಿಸಿದರು. ಒಂದರಲ್ಲಿ ಉಣ್ಣೆ ಸವೆದು ಹಿಂದಿನ ಬೆಳಕು ಕಾಣುತ್ತಿತ್ತು. ಸುತ್ತಲೂ ಬರೀ ಸರಪಳಿ ಹಾಕಿದರೆ ಹೀಗಾಗುತ್ತದಂತೆ: ಪ್ರತಿ ಹೆಜ್ಜೆಗೂ ಕೊಂಡಿಗಳು ನೆರಿಗೆಯನ್ನು ಉಜ್ಜುತ್ತವೆ. ಅದಕ್ಕೇ ಒಳ್ಳೆಯ ಸರಪಳಿ ಪೂರ್ತಿ ಸರಪಳಿಯಾಗಿರುವುದಿಲ್ಲ. ಬೆನ್ನಿನ ಕಡೆ, ನೆರಿಗೆಗಳ ಮೇಲೆ ಹಾಯುವುದು ತೊಗಲಿನ ಪಟ್ಟಿ, ಬಕಲ್ಲೂ ಅಲ್ಲೇ. ಸರಪಳಿ ಇರುವುದು ಎರಡು ಮಗ್ಗುಲಿನಿಂದ ಮುಂದಕ್ಕೆ, ಕಾಣುವಷ್ಟು ಜಾಗದಲ್ಲಿ. ಅದು ಸ್ಪೋರನ್ನಿನ ಹಿಂಬದಿಯ ಎರಡು ಬಳೆಗಳಿಗೆ ಸೇರುತ್ತದೆ.

ಈ ಪಟ್ಟಿ ಕಿಲ್ಟನ್ನು ಹಿಡಿದು ನಿಲ್ಲಿಸುವುದಿಲ್ಲ ಎಂಬುದನ್ನೂ ಅವರೇ ಹೇಳಿದರು. ಕಿಲ್ಟಿಗೆ ಮಗ್ಗುಲಲ್ಲಿ ತನ್ನದೇ ಬಕಲ್ಲುಗಳಿವೆ. ಮೇಲೆ ಅಗಲದ ಬೆಲ್ಟ್ ಹಾಕಿದರೆ ಅದು ಬೇರೆ. ಸ್ಪೋರನ್ನಿನ ಪಟ್ಟಿಯ ಕೆಲಸ ಒಂದೇ, ಚೀಲದ ಭಾರ ಹೊರುವುದು. ಚೀಲ ಬೆಲ್ಟಿನ ಬಕಲ್ಲಿಗಿಂತ ನಾಲ್ಕು ಬೆರಳು ಕೆಳಗಿದ್ದರೆ ಸರಿ. ಅದಕ್ಕಿಂತ ಇಳಿದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ. ಡ್ರಮ್ ಬಾರಿಸುವವರು, ಕಾರು ನಡೆಸುವವರು ಅದನ್ನು ಮಗ್ಗುಲಿಗೆ ಸರಿಸಿಕೊಳ್ಳುತ್ತಾರೆ. ಹಾಗೆ ಸರಿಯುವಷ್ಟು ಸಡಿಲ ಇರಬೇಕು. ದಿನದ ಉಡುಗೆಗೆ ಸಾದಾ ತೊಗಲಿನ ಚೀಲ, ತೊಗಲಿನದೇ ಪಟ್ಟಿ. ಸಂಜೆಯ ಸಮಾರಂಭಕ್ಕೆ, ಮದುವೆಗೆ ತುಪ್ಪಳದ ಚೀಲ, ಬೆಳ್ಳಿಬಣ್ಣದ ಸರಪಳಿ. ಜಗತ್ತಿನಲ್ಲಿ ಮಾರಾಟವಾಗುವ ಅಗ್ಗದ ಸಾಮಾನಿನ ದೊಡ್ಡ ಪಾಲು ಸಿಯಾಲ್‌ಕೋಟಿನದು. ಅದರ ಮೇಲಿನ ಹೊಳಪು ನಮ್ಮ ಎರಡು ಮಳೆಗಾಲ ತಡೆಯುವುದಿಲ್ಲ ಎಂದು ತುಕ್ಕು ಹಿಡಿದದ್ದೊಂದನ್ನು ಕೈಗಿಟ್ಟರು.

ಆಮೇಲೆ ಬಜಾರಿನ ಬೆಳ್ಳಿಯವರ ಹತ್ತಿರ ಹೋದೆ. ಅವರು ಹುಪರಿ ಕಡೆಯವರು, ಮರಾಠಿಯ ನಡುವೆ ನಮ್ಮ ಕನ್ನಡವನ್ನೂ ಆಡುತ್ತಾರೆ. ಎರಡು ತುಂಡು ಅಳೆದರು. ಒಂದು ಇಪ್ಪತ್ತೆರಡು ಇಂಚು, ಇನ್ನೊಂದು ಹದಿಮೂರು. ಒಂದು ಕೊಂಡಿಯನ್ನು ಎರಡು ಚಿಮಟದಲ್ಲಿ ಹಿಡಿದು ಎಳೆದಾಗ ಅದು ಬಾಯಿ ಬಿಟ್ಟಿತು. “ಇದು ಮೈಗೆ ಅಂಟ್ಕೊಂಡು ಇರೋ ವಸ್ತು. ಜೋತು ಬೀಳೂದಕ್ಕ ಮಾಡಿದ್ದಲ್ಲ,” ಎಂದರು. ಫೋನು, ಬೀಗದ ಕೈ ತುಂಬಿದ ಚೀಲವನ್ನು ದಿನವಿಡೀ ತೂಗಿದರೆ ಮೆತ್ತಗಿನ ಬೆಳ್ಳಿ ಎಳೆದುಕೊಳ್ಳುತ್ತದೆ. ಅವರು ಎರಡು ದಾರಿ ಹೇಳಿದರು. ಒಂದು, ಪೂರ್ತಿ ಕರಗಿಸಿ ತಾಮ್ರ ಬೆರೆಸಿ ದಪ್ಪ ಕೊಂಡಿಯ ಹೊಸ ಸರಪಳಿ ಮಾಡುವುದು. ಇನ್ನೊಂದು, ಭಾರಕ್ಕೆ ಬೇರೆ ಏನಾದರೂ ಇಟ್ಟು ಬೆಳ್ಳಿಯನ್ನು ನೋಟಕ್ಕೆ ಮಾತ್ರ ಇಡುವುದು. ಮೊದಲನೆಯದು ಗಟ್ಟಿ. ಆದರೆ ಕರಗಿದ ಮೇಲೆ ಅದು ಅಣ್ಣನ ಉಡದಾರವಾಗಿ ಉಳಿಯುವುದಿಲ್ಲ.

ಇದನ್ನು ಅವ್ವನನ್ನು ಕೇಳದೆ ಮಾಡುವಂತಿರಲಿಲ್ಲ. ಅವಳಿಗೆ ಮೊದಲಿಗೆ ಇಡೀ ವಿಷಯವೇ ಬೇಡವಾಗಿತ್ತು. “ಉಡದಾರ ಅಂಗಿ ಒಳಗಿನ ವಸ್ತು. ಅದನ್ನ ಮಂದಿ ಮುಂದ ತೂಗಹಾಕ್ಕೊಂಡು ತಿರಗತಾನೇನು?” ಎಂದಳು. ಮೊಮ್ಮಗ ವಿಡಿಯೊದಲ್ಲಿ ಮಾತಾಡಿದ. ಅವನು ವಾದ ಮಾಡಲಿಲ್ಲ. “ಆಯಿ, ಅವತ್ತ ನಾ ಇರಲಿಲ್ಲ” ಎಂದಷ್ಟೇ ಹೇಳಿದ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ನನ್ನನ್ನು ಕೇಳಿದಳು: ಚೀಲದಾಗ ಏನೇನು ಇಡತಾರು, ಎಷ್ಟು ಭಾರ ಆಗತದ, ಭಾರ ಎಲ್ಲಿ ಬೀಳತದ. ಬೆಳ್ಳಿಯವರು ಹೇಳಿದ್ದನ್ನೆಲ್ಲ ಹೇಳಿದೆ. “ಹಂಗಾರ ಹಾಕ್ಕೊಳ್ಳಲಿ. ಆದರ ಹೊರೂದು ಬ್ಯಾಡ ಅದಕ್ಕ. ಅವ ಹೊತ್ತದ್ದು ಸಾಕು,” ಎಂದಳು.

ಹದಿನೇಳನೆಯ ವಯಸ್ಸಿನಿಂದ ಅಣ್ಣ ಹೊತ್ತದ್ದರಲ್ಲಿ ನಾನೂ ಒಬ್ಬ. ನನ್ನ ಓದು, ತಂಗಿಯ ಮದುವೆ, ಊರಿನ ಹೊಲದ ಸಾಲ, ಆಮೇಲೆ ಈ ಹುಡುಗನನ್ನು ಅಷ್ಟು ದೂರ ಕಳಿಸಿದ್ದು. ಅವ್ವನ ಆ ಮಾತಿಗೆ ನಾನು ಏನೂ ಸೇರಿಸಬೇಕಾಗಿರಲಿಲ್ಲ. ಅದರಿಂದ ಕೆಲಸದ ನಕ್ಷೆಯೂ ಸಿಕ್ಕಿತು.

ಪಟ್ಟಿ ಮಾಡಿದವರು ಬಜಾರಿನಲ್ಲಿ ಚಪ್ಪಲಿ ಹೊಲಿಯುವ, ನಮ್ಮ ಅಥಣಿಯವರೇ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಆ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ಹುಟ್ಟುವುದು ಅಥಣಿಯಲ್ಲಿ. ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು ಅವರಲ್ಲಿತ್ತು. ಅದರಲ್ಲಿ ಮುಕ್ಕಾಲು ಇಂಚು ಅಗಲದ ಪಟ್ಟಿಯನ್ನು, ಬೆನ್ನಿಂದ ಹಿಡಿದು ಮುಂದೆ ಸ್ಪೋರನ್ನಿನ ಬಳೆಗಳವರೆಗೂ ತುಂಡಿಲ್ಲದೆ ಕತ್ತರಿಸಿದರು. ಬೆಳ್ಳಿಯವರು ಎರಡು ತುಂಡಿನಿಂದಲೂ ಹತ್ತತ್ತು ಇಂಚು ಬಿಡಿಸಿಕೊಟ್ಟರು. ಕತ್ತರಿಸಲಿಲ್ಲ, ಕೊಂಡಿಯ ಬಾಯಿ ಬಿಡಿಸಿ ಬೇರೆ ಮಾಡಿ ಮತ್ತೆ ಬೆಸೆದರು. ಒಂದೊಂದು ಮಗ್ಗುಲಿಗೆ ಒಂದೊಂದು, ಪಟ್ಟಿಯ ಮೇಲೆಯೇ ಮಲಗುವಂತೆ ತುದಿಗಳನ್ನು ಹೊಲಿದದ್ದಾಯಿತು. ಹೊಲಿಯುವಾಗ ನಾನು ಕೇಳಿದ್ದು ಒಂದೇ: ಬೆಳ್ಳಿ ತನ್ನ ಕೆಳಗಿನ ತೊಗಲಿಗಿಂತ ಅರ್ಧ ಇಂಚು ಉದ್ದ ಇರಬೇಕು. ಆಗ ಎಷ್ಟೇ ಜಗ್ಗಿದರೂ ಎಳೆತ ತೊಗಲಿಗೆ ಹೋಗುತ್ತದೆ, ಬೆಳ್ಳಿಗೆ ತಾಗುವುದಿಲ್ಲ. ಕೊಂಡಿಗಳು ಕಿಲ್ಟನ್ನು ಉಜ್ಜುವುದೂ ತಪ್ಪುತ್ತದೆ. ಸೊಂಟ ಹಿಗ್ಗಿದರೂ ಇರಲಿ ಎಂದು ಬೆನ್ನಿನ ಕಡೆ ಏಳು ತೂತು ಹಾಕಿಸಿದೆ.

ಉಳಿದ ಹದಿನೈದು ಇಂಚನ್ನು ಅವ್ವ ಮತ್ತೆ ಅರಿವೆಯಲ್ಲಿ ಕಟ್ಟಿದಳು. ಕೂಸಿನ ಉಡದಾರಕ್ಕೆ ಅಷ್ಟು ಸಾಕಂತೆ.

ಪಟ್ಟಿ ಪರಿಚಯದವರೊಬ್ಬರ ಕೈಯಲ್ಲಿ ಗ್ಲಾಸ್ಗೋ ಸೇರಿತು. ಮದುವೆಯ ಚಿತ್ರಗಳು ಬಂದವು. ನಾನು ಒಂದೊಂದನ್ನೂ ದೊಡ್ಡದು ಮಾಡಿ ಸೊಂಟವನ್ನೇ ನೋಡಿದೆ. ಒಂದರಲ್ಲಿ ಅವನು ಮೆಟ್ಟಿಲು ಇಳಿಯುತ್ತಿದ್ದಾನೆ, ಚೀಲ ಮುಂದಕ್ಕೆ ಬಾಗಿದೆ. ಪಟ್ಟಿ ಬಿಗಿಯಾಗಿ ಎಳೆದು ನಿಂತಿತ್ತು. ಅದರ ಮೇಲಿನ ಬೆಳ್ಳಿ ಸ್ವಲ್ಪ ಜೋಲಾಡುತ್ತಿತ್ತು.