ಅಂಕಪಟ್ಟಿ ಆರಿಸಿದ ಅಧ್ಯಕ್ಷೆ

ರಾಜ್ಯಶಾಸ್ತ್ರ ಪಾಠ ಹೇಳುವವನಿಗೆ ಪ್ರಾತಿನಿಧ್ಯ ಅಂದರೇನು ಅಂತ ಬೇರೆಯವರು ಕಲಿಸಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಪ್ರಾತಿನಿಧಿಕ ಸರ್ಕಾರದ ಬಗ್ಗೆ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಬರೆದ ಪುಸ್ತಕ ನನಗೆ ಅಚ್ಚುಮೆಚ್ಚು. ಆಳುವವನು ಎಷ್ಟೇ ಒಳ್ಳೆಯವನಾಗಿರಲಿ, ಎಲ್ಲವನ್ನೂ ಅವನೊಬ್ಬನೇ ತೀರ್ಮಾನಿಸುತ್ತ ಹೋದರೆ ಜನ ಜಡರಾಗುತ್ತಾರೆ ಎಂಬ ಮಿಲ್ಲನ ವಾದವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದೆ. ಹಾಗೆ ವಿವರಿಸುತ್ತಿದ್ದ ವರ್ಷಗಳಲ್ಲೇ ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘದ ಹೊಣೆ ನನ್ನ ಮೇಲಿತ್ತು. ಅದನ್ನು ನಾನು ನಡೆಸಿದ ಬಗೆ ನೆನೆದರೆ ಇವತ್ತಿಗೂ ಮನಸ್ಸು ಕುಗ್ಗುತ್ತದೆ.

ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1980ರ ದಶಕದ ಕೊನೆಗೆ ನಿಂತುಹೋದವು. ನಿಲ್ಲಿಸಿದ್ದಕ್ಕೆ ಕಾರಣಗಳಿದ್ದವು. ಚುನಾವಣೆ ಬಂತೆಂದರೆ ಜಾತಿಯ ಲೆಕ್ಕಾಚಾರ, ಹೊರಗಿನ ಪಕ್ಷಗಳ ದುಡ್ಡು, ಹಾಸ್ಟೆಲಿಗೂ ಊರಿನ ಹುಡುಗರಿಗೂ ಜಗಳ. ನಾನು ಓದುತ್ತಿದ್ದಾಗ ಅಂಥದೊಂದು ಹೊಡೆದಾಟದಲ್ಲಿ ತಲೆ ಒಡೆದುಕೊಂಡ ಗೆಳೆಯನನ್ನು ಆಸ್ಪತ್ರೆಗೆ ಕರೆದೊಯ್ದಿದ್ದೆ. ಆ ಭಯ ನನ್ನೊಳಗೆ ಹಾಗೇ ಉಳಿದಿತ್ತು. ಹೀಗಾಗಿ ಸಂಘದ ಜವಾಬ್ದಾರಿ ಬಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಗಲಾಟೆ ಆಗಬಾರದು.

ಗಲಾಟೆಯಾಗದ ದಾರಿ ಸುಲಭವಾಗಿತ್ತು. ಕಚೇರಿಯಿಂದ ಹಿಂದಿನ ವರ್ಷದ ಫಲಿತಾಂಶ ತರಿಸುತ್ತಿದ್ದೆ. ಅಂತಿಮ ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದವರು ಅಧ್ಯಕ್ಷರು, ಅವರ ನಂತರದವರು ಕಾರ್ಯದರ್ಶಿ, ಹೀಗೆ ಪಟ್ಟಿಯಲ್ಲಿ ಇಳಿಯುತ್ತ ಹೋದರೆ ಸಂಘ ಸಿದ್ಧ. ಉದ್ಘಾಟನೆಗೆ ಊರಿನ ಗಣ್ಯರೊಬ್ಬರು ಬಂದು ದೀಪ ಹಚ್ಚುತ್ತಿದ್ದರು. ಮಕ್ಕಳು ಬ್ಯಾಡ್ಜು ಧರಿಸಿ ಪ್ರತಿಜ್ಞೆ ಮಾಡುತ್ತಿದ್ದರು. ಪ್ರತಿಜ್ಞೆ ಬರೆದದ್ದು ನಾನು. ಅಧ್ಯಕ್ಷರ ಭಾಷಣ ಬರೆದದ್ದೂ ನಾನು. ಸಭೆಯ ನಡಾವಳಿಯನ್ನು ಸಹ ನಾನೇ ಬರೆದು, ಬಿಡುವಿನ ವೇಳೆಯಲ್ಲಿ ಕರೆಸಿ ಸಹಿ ಹಾಕಿಸಿಕೊಳ್ಳುತ್ತಿದ್ದೆ. ವಾರ್ಷಿಕೋತ್ಸವ ಅಚ್ಚುಕಟ್ಟಾಗಿ ಮುಗಿಯುತ್ತಿತ್ತು. ಪ್ರಿನ್ಸಿಪಾಲರು ಬೆನ್ನು ತಟ್ಟುತ್ತಿದ್ದರು. ಶಿಸ್ತಾದ ಸಂಘ ಕಟ್ಟಿದ್ದೇನೆ ಎಂಬ ಹೆಮ್ಮೆ ನನಗಿತ್ತು.

ಒಂದು ವರ್ಷ ಕೆಲವು ಹುಡುಗರು ಚುನಾವಣೆ ಮಾಡಿ ಅಂತ ಅರ್ಜಿ ಬರೆದುಕೊಂಡು ಬಂದರು. ಅವರಿಗೆ ಉತ್ತರ ಕೊಡಲು ನಾನು ಲಿಂಗ್ಡೋ ಸಮಿತಿಯ ವರದಿಯನ್ನು ಹಿಡಿದುಕೊಂಡೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ನೇತೃತ್ವದ ಈ ಸಮಿತಿ ರಚನೆಯಾದದ್ದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಿಂದ. ಅದರ ಶಿಫಾರಸುಗಳನ್ನು ಜಾರಿಗೆ ತರಬೇಕೆಂದು ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ನಾನು ತರಗತಿಯಲ್ಲಿ ನಿಯಮಗಳನ್ನು ಒಂದೊಂದಾಗಿ ಓದಿದೆ. ಸ್ಪರ್ಧಿಸುವವರಿಗೆ ಶೇಕಡಾ 75ರಷ್ಟು ಹಾಜರಾತಿ ಇರಬೇಕು. ಯಾವ ವಿಷಯವೂ ಬಾಕಿ ಉಳಿದಿರಬಾರದು. ಒಬ್ಬ ಅಭ್ಯರ್ಥಿ 5000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರು ಕೂಡದು. ಆಮೇಲೆ, ಅರ್ಜಿ ತಂದವರ ಕಡೆ ನೋಡುತ್ತ, “ನಿಮ್ಮಲ್ಲಿ ಎಷ್ಟು ಜನರಿಗೆ ಅಟೆಂಡೆನ್ಸ್ ಇದೆ?” ಅಂತ ಕೇಳಿದೆ. ತರಗತಿ ನಕ್ಕಿತು. ಮುಂದಿನ ಬೆಂಚಿನವರು ಜೋರಾಗಿ ನಕ್ಕರು. ಆ ನಗು ನನಗೆ ಹಿತವಾಗಿತ್ತು ಎಂಬುದನ್ನು ಮುಚ್ಚಿಡಲಾರೆ.

ಮುಂದಿನ ವಾರ ಅವರಲ್ಲೊಬ್ಬ ಜೆರಾಕ್ಸ್ ಮಾಡಿಸಿದ ಹಾಳೆ ಹಿಡಿದು ಎದ್ದು ನಿಂತ. “ಸಾರ್, ನೀವು ಹೇಳಿದ ವರದೀಲೇ ನಾಮನಿರ್ದೇಶನದ ಬಗ್ಗೆಯೂ ಇದೆ. ಓದ್ಲಾ?” ಅಂದ. ಓದು ಅಂದೆ. ಇಂಗ್ಲಿಷ್ ಓದಲು ತಡವರಿಸುತ್ತಿದ್ದ ಹುಡುಗ, ಒಂದೊಂದೇ ಪದ ಬಿಡಿಸಿ ಓದಿದ. ಶಾಂತವಾಗಿ ಚುನಾವಣೆ ನಡೆಸಲಾಗದ ಕಡೆ ನಾಮನಿರ್ದೇಶನ ಮಾಡಬಹುದು, ಆದರೆ ಬರೀ ಅಂಕಗಳ ಆಧಾರದ ಮೇಲೆ ಮಾಡುವುದು ಒಳ್ಳೆಯದಲ್ಲ ಎಂದು ಸಮಿತಿ ಹೇಳಿತ್ತು. ಅದೂ ತಾತ್ಕಾಲಿಕ ಏರ್ಪಾಡು. ಹಂತಹಂತವಾಗಿ ಚುನಾವಣೆಯ ಕಡೆಗೆ ಸಾಗಲೇಬೇಕೆಂಬುದು ಸಮಿತಿಯ ಆಶಯ. ನಾನು ಆ ವರದಿಯಿಂದ ನನಗೆ ಬೇಕಾದ ಪುಟಗಳನ್ನಷ್ಟೇ ಓದಿಕೊಂಡಿದ್ದೆ. ಹುಡುಗರ ಬಾಯಿ ಮುಚ್ಚಿಸುವ ನಿಯಮಗಳು ಕಂಡಿದ್ದವು. ನನ್ನನ್ನು ಪ್ರಶ್ನಿಸುವ ಸಾಲುಗಳು ಕಂಡಿರಲಿಲ್ಲ. “ನೋಡೋಣ ಕೂತ್ಕೊ” ಅಂದೆ. ಅವನು ಕೂರಲಿಲ್ಲ. “ಅಟೆಂಡೆನ್ಸ್ ಯಾಕಿಲ್ಲ ಅಂತ ಯಾರೂ ಕೇಳ್ಲಿಲ್ಲ ಸಾರ್” ಅಂದ.

ಆಗ ಹೊರಬಿತ್ತು ವಿಷಯ. ಅವರ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಮಧ್ಯಾಹ್ನದ ಪ್ರಾಕ್ಟಿಕಲ್ಸ್ ಮುಗಿಯುವ ಮುಂಚೆಯೇ ಹೊರಡುತ್ತಿತ್ತು. ಬಸ್ಸು ಹಿಡಿದರೆ ಹಾಜರಾತಿ ಹೋಯಿತು. ಪ್ರಾಕ್ಟಿಕಲ್ಸಿಗೆ ಕೂತರೆ ರಾತ್ರಿ ಮನೆ ಸೇರುವುದು ಹೇಗೆ? ಹೆಣ್ಣುಮಕ್ಕಳ ಪಾಡಂತೂ ಕೇಳುವುದೇ ಬೇಡ. ಹಾಜರಾತಿ ಕೊರತೆಯ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದವರಲ್ಲಿ ನಾನೂ ಒಬ್ಬ. ಆ ಹೆಸರುಗಳನ್ನು ಸೋಮಾರಿಗಳ ಪಟ್ಟಿ ಎಂದೇ ನಾನು ಓದಿದ್ದೆ.

“ಯೂನಿಯನ್ ಪ್ರೆಸಿಡೆಂಟ್ ಇದ್ದಾರಲ್ಲ, ಅವರ ಹತ್ರ ಹೇಳ್ಬಹುದಿತ್ತಲ್ಲಪ್ಪ” ಅಂದೆ. ಅವನು ಒರಟಾಗಿ ಏನೂ ಹೇಳಲಿಲ್ಲ. “ಅವರು ನಿಮ್ಮ ಪ್ರೆಸಿಡೆಂಟು ಸಾರ್” ಅಂತಷ್ಟೇ ಹೇಳಿ ಕೂತ.

ಆ ವರ್ಷದ ಅಧ್ಯಕ್ಷೆಯನ್ನು ಸಂಜೆ ಕರೆಸಿ ಮಾತಾಡಿದೆ. ಜಾಣೆ, ಮಿತಭಾಷಿ. ಪೇಟೆಯಲ್ಲೇ ಮನೆಯಿದ್ದದ್ದರಿಂದ ಬಸ್ಸಿನ ಕಷ್ಟ ಅವಳಿಗೆ ಗೊತ್ತಿರಲಿಲ್ಲ. “ಗೊತ್ತಿದ್ರೂ ಏನ್ ಮಾಡ್ತಿದ್ದೆ ಸಾರ್? ನಂಗ್ಯಾರೂ ಓಟು ಹಾಕಿಲ್ಲ. ಅವರ ಪರವಾಗಿ ಮಾತಾಡು ಅಂತ ನಂಗ್ಯಾರೂ ಹೇಳೇ ಇಲ್ಲ” ಅಂದಳು. ಅಧ್ಯಕ್ಷೆಯಾಗಲು ಇಷ್ಟವಿದೆಯೇ ಎಂದು ನಾನು ಅವಳನ್ನು ಸಹ ಕೇಳಿರಲಿಲ್ಲ. ಅವಳ ಅಂಕಪಟ್ಟಿಯನ್ನು ಕೇಳಿದ್ದೆ, ಅಷ್ಟೇ.

ಅಷ್ಟು ಹೊತ್ತಿಗೆ ವರ್ಷ ಮುಗಿಯುತ್ತ ಬಂದಿತ್ತು. ಕೆಲವರಿಗೆ ಪರೀಕ್ಷೆಗೆ ಕೂರಲಾಗಲಿಲ್ಲ. ಅವರಲ್ಲೊಬ್ಬ ಹುಡುಗಿ ಮತ್ತೆ ಕಾಲೇಜಿಗೆ ಬರಲಿಲ್ಲ. ಮದುವೆಯಾಯಿತೆಂದು ಗೆಳತಿಯರು ಹೇಳಿದರು. ಮುಂದಿನ ವರ್ಷ ಪ್ರಾಕ್ಟಿಕಲ್ಸನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದೆವು. ಅದಕ್ಕೆ ಯಾರ ಅನುಮತಿಯೂ ಬೇಕಾಗಿರಲಿಲ್ಲ. ವೇಳಾಪಟ್ಟಿ ನಮ್ಮ ಕೈಯಲ್ಲೇ ಇತ್ತು. ನನ್ನನ್ನು ಹೆಚ್ಚು ಕಾಡುವುದು ಇದೇ. ನಾವು ಕ್ರೂರಿಗಳೇನಾಗಿರಲಿಲ್ಲ. ಯಾರಾದರೂ ಹೇಳಿದ್ದರೆ ಅಂದೇ ಸರಿಪಡಿಸುತ್ತಿದ್ದೆವು. ಹೇಳುವ ದಾರಿಯನ್ನು ಮುಚ್ಚಿ, ಅದರ ಮುಂದೆ ದೀಪ ಹಚ್ಚಿಸಿದವನು ನಾನು.

ಆ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿ ಸಂಘಗಳ ಚರಿತ್ರೆಯನ್ನು ಹುಡುಕಿ ಓದಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1884ರಲ್ಲಿ ತಮ್ಮದೇ ಪ್ರತಿನಿಧಿ ಮಂಡಳಿ ಕಟ್ಟಿಕೊಂಡರು. ಐದೇ ವರ್ಷಗಳಲ್ಲಿ, 1889ರಲ್ಲಿ, ಅಲ್ಲಿನ ಕಾನೂನು ಅಂಥ ಮಂಡಳಿಗಳಿಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ, ತುರ್ತುಪರಿಸ್ಥಿತಿ ಕಳೆದ 1977ರಲ್ಲಿ, ದೆಹಲಿಯ ಜೆಎನ್‌ಯು ವಿದ್ಯಾರ್ಥಿಗಳು ಇಂದಿರಾ ಗಾಂಧಿಯವರ ಮನೆಗೆ ಮೆರವಣಿಗೆ ಹೋದರು. ಸಂಘದ ಅಧ್ಯಕ್ಷರಾಗಿದ್ದ ಸೀತಾರಾಮ್ ಯೆಚೂರಿ, ಕುಲಾಧಿಪತಿ ಸ್ಥಾನ ಬಿಡಿ ಎಂಬ ಮನವಿಯನ್ನು ಅವರ ಎದುರಿಗೇ ನಿಂತು ಓದಿದರು; ಅವರು ಸ್ಥಾನ ಬಿಟ್ಟರು. ಆ ವಿಶ್ವವಿದ್ಯಾಲಯದಲ್ಲಿ ಚುನಾವಣೆ ನಡೆಸುವ ಆಯೋಗವೂ ವಿದ್ಯಾರ್ಥಿಗಳದೇ. ಅಭ್ಯರ್ಥಿಗಳು ರಾತ್ರಿ ಬಹಳ ಹೊತ್ತಿನವರೆಗೆ ಎಲ್ಲರೆದುರು ಚರ್ಚಿಸುತ್ತಾರೆ. ಯಾರು ಬೇಕಾದರೂ ಪ್ರಶ್ನೆ ಹಾಕಬಹುದು.

ದೂರದ್ದೇಕೆ, ಮೈಸೂರಿನ ರಾಮಸ್ವಾಮಿ ವೃತ್ತವನ್ನು ಎಷ್ಟೋ ಸಲ ದಾಟಿದವನು ನಾನು. 1947ರ ಸೆಪ್ಟೆಂಬರಿನಲ್ಲಿ, ದೇಶ ಸ್ವತಂತ್ರವಾದ ಮೇಲೂ ಮೈಸೂರಿನ ಜನ ಬೀದಿಯಲ್ಲಿದ್ದರು. ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಒಬ್ಬ ವಿದ್ಯಾರ್ಥಿ. ಆ ಚಳವಳಿ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಮೇಲಿನವರ ಬದಲು ಜನಕ್ಕೆ ಉತ್ತರ ಕೊಡುವ ಸರ್ಕಾರವನ್ನು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಇದನ್ನೆಲ್ಲ ನಾನು ಪರೀಕ್ಷೆಯ ಪ್ರಶ್ನೆಯಾಗಿ ಕೇಳಿದ್ದೇನೆ, ಉತ್ತರಕ್ಕೆ ಅಂಕ ಹಾಕಿದ್ದೇನೆ. ನನ್ನ ಕಾಲೇಜಿನ ಸಂಘ ಮಾತ್ರ ನನಗೆ ಉತ್ತರ ಕೊಡುತ್ತಿತ್ತು.

ಮರುವರ್ಷ ಪ್ರಿನ್ಸಿಪಾಲರನ್ನು ಒಪ್ಪಿಸಿ ತರಗತಿ ಪ್ರತಿನಿಧಿಗಳಿಗೆ ಗುಪ್ತ ಮತದಾನ ಮಾಡಿಸಿದೆ. ಗೆದ್ದವರೇ ಕೂಡಿ ತಮ್ಮೊಳಗೆ ಅಧ್ಯಕ್ಷರನ್ನು ಆರಿಸಿಕೊಂಡರು. ಚೀಟಿ ಎಣಿಸುವಾಗ ತುಸು ಕೂಗಾಟವಾಯಿತು, ಒಬ್ಬಿಬ್ಬರು ಮುನಿಸಿಕೊಂಡರು. ನಾನು ಹೆದರಿದ್ದಂಥದ್ದೇನೂ ಆಗಲಿಲ್ಲ. ನಾನು ಎಣಿಸಿರದ ಒಂದು ಸಂಗತಿ ಆಮೇಲೆ ನಡೆಯಿತು. ಸೋತ ಹುಡುಗನೊಬ್ಬ ಪ್ರತಿ ಸಭೆಗೂ ಬಂದು ಹಿಂದೆ ನಿಂತು ಲೆಕ್ಕ ಕೇಳತೊಡಗಿದ. ಕ್ರೀಡಾ ಸಾಮಗ್ರಿಗೆ ಎಷ್ಟಾಯಿತು, ಪೆಂಡಾಲಿಗೆ ಯಾಕಿಷ್ಟು ಎಂದು ಕೇಳಿದರೆ ಗೆದ್ದವರು ಉತ್ತರ ಹೇಳಲೇಬೇಕಾಯಿತು. ನಡಾವಳಿಯನ್ನು ಕಾರ್ಯದರ್ಶಿಯೇ ಬರೆದ. ತಪ್ಪುತಪ್ಪಾಗಿ ಬರೆದ. ಅದರಲ್ಲಿ ಹೆಣ್ಣುಮಕ್ಕಳ ಶೌಚಾಲಯದ ನೀರಿನ ಮಾತಿತ್ತು, ವಿದ್ಯಾರ್ಥಿವೇತನದ ಅರ್ಜಿ ಕಚೇರಿಯಲ್ಲೇ ಉಳಿದ ಮಾತಿತ್ತು. ನಾನು ಬರೆದ ಚೊಕ್ಕ ನಡಾವಳಿಗಳಲ್ಲಿ ಇವು ಒಮ್ಮೆಯೂ ಬಂದಿರಲಿಲ್ಲ.

ಒಂದು ಕಾಲೇಜಿನ ಪುಟ್ಟ ಚುನಾವಣೆಯಿಂದ ಎಲ್ಲವೂ ನೆಟ್ಟಗಾಗುತ್ತದೆ ಎಂದು ನಾನು ಹೇಳಲಾರೆ. ತಲೆ ಒಡೆದುಕೊಂಡ ಗೆಳೆಯನನ್ನು ಮರೆತಿಲ್ಲ. ದುಡ್ಡು, ಜಾತಿ, ಪಕ್ಷ ಈಗಲೂ ಗೇಟಿನಾಚೆ ಕಾಯುತ್ತ ನಿಂತಿವೆ. ಆದರೆ ಅವುಗಳಿಗೆ ಹೆದರಿ ನಾವು ಇಪ್ಪತ್ತರ ವಯಸ್ಸಿನವರಿಗೆ ಮತ ಕೇಳುವುದನ್ನು, ಸೋಲುವುದನ್ನು, ಸೋತ ಮೇಲೂ ಸಭೆಗೆ ಬಂದು ಕೂರುವುದನ್ನು ಕಲಿಸದೇ ಬಿಟ್ಟರೆ, ಅವರು ಅದನ್ನು ಕಲಿಯುವುದು ಆ ಗೇಟಿನಾಚೆಯವರಿಂದಲೇ. ಹದಿನೆಂಟು ತುಂಬಿದವರು ಶಾಸಕರನ್ನು ಆರಿಸಬಹುದು, ತರಗತಿಯ ಪ್ರತಿನಿಧಿಯನ್ನು ಆರಿಸಬಾರದು ಎಂದರೆ ಅವರಿಗೆ ಏನೆಂದು ವಿವರಿಸುವುದು?

ಚುನಾವಣೆ ಮತ್ತೆ ಬೇಕೇ ಎಂಬ ಚರ್ಚೆ ನಮ್ಮ ರಾಜ್ಯದಲ್ಲಿ ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ನನ್ನನ್ನು ಕೇಳಿದರೆ, ತರಗತಿಯಿಂದಲೇ ಶುರುಮಾಡಿ ಅನ್ನುತ್ತೇನೆ. ಖರ್ಚಿಗೆ ಮಿತಿ ಇರಲಿ, ಹೊರಗಿನವರಿಗೆ ಪ್ರವೇಶ ಬೇಡ, ಲೆಕ್ಕ ಎಲ್ಲರೆದುರು ಓದಲಿ. ಹಾಜರಾತಿಯ ನಿಯಮವೂ ಇರಲಿ. ಅದನ್ನು ಮುಂದೆ ಮಾಡಿ ಒಬ್ಬರನ್ನು ಹಿಂದೆ ಕಳಿಸುವ ಮುಂಚೆ ಯಾಕೆ ಬರಲಾಗಲಿಲ್ಲ ಎಂದು ಕೇಳೋಣ. ಸಂಘದ ಶುಲ್ಕ ಕಟ್ಟಿಸಿಕೊಳ್ಳುವಾಗ ನಾವು ಯಾರ ಅಂಕವನ್ನೂ ನೋಡುವುದಿಲ್ಲ. ಅವರ ಪರವಾಗಿ ಯಾರು ಮಾತಾಡಬೇಕೆಂದು ಗೊತ್ತುಮಾಡುವಾಗಲೂ ನೋಡಬೇಕಾಗಿಲ್ಲ.